ಗೆಲುವು ಎಷ್ಟು ಎಂಬುದಲ್ಲ, ಎದುರಾಳಿ ಯಾರು ಎಂಬುದೇ ಲೆಕ್ಕ: ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ವೇಳಾಪಟ್ಟಿಯ ಪಾತ್ರ

ತುಮಕೂರು: ಹತ್ತು ಪಂದ್ಯಗಳಲ್ಲಿ ಒಂಬತ್ತನ್ನು ಗೆದ್ದ ತಂಡ ಹೊರಗುಳಿದು, ಆರನ್ನಷ್ಟೇ ಗೆದ್ದ ತಂಡ ಮುಂದಿನ ಟೂರ್ನಿಗೆ ಆಯ್ಕೆಯಾದರೆ ಅದು ನ್ಯಾಯವೇ? ಮೇಲ್ನೋಟಕ್ಕೆ ಅನ್ಯಾಯವೆಂದೇ ತೋರುತ್ತದೆ. ಆದರೆ ಒಂಬತ್ತು ಗೆದ್ದ ತಂಡ ಆಡಿದ್ದು ದುರ್ಬಲರ ಎದುರು, ಆರು ಗೆದ್ದ ತಂಡ ಸೆಣಸಿದ್ದು ಘಟಾನುಘಟಿಗಳ ಎದುರು ಎಂದು ತಿಳಿದಾಗ ತೀರ್ಪು ಅಷ್ಟು ಸುಲಭವಾಗುವುದಿಲ್ಲ. ಎದುರಾಳಿಗಳ ಒಟ್ಟು ಬಲವನ್ನೇ ಕ್ರೀಡಾ ವಲಯದಲ್ಲಿ ‘ವೇಳಾಪಟ್ಟಿಯ ಕಠಿಣತೆ’ ಎನ್ನುತ್ತಾರೆ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ಭಾರಿ ಚರ್ಚೆಗೆ ಕಾರಣವಾಗುವ ವಿಷಯವಿದು. ಅಲ್ಲಿ ಇದನ್ನು ಅಳೆಯಲು ಸೂತ್ರಗಳಿವೆ, ಆಯ್ಕೆ ಸಮಿತಿಯಿದೆ. ತುಮಕೂರು, ಗುಬ್ಬಿ, ಕುಣಿಗಲ್‌ನ ಕಾಲೇಜು ಅಂಗಳಗಳಲ್ಲೂ ಇದೇ ಸಮಸ್ಯೆ ಬೇರೆ ವೇಷದಲ್ಲಿದೆ. ವ್ಯತ್ಯಾಸವಿಷ್ಟೇ: ಅಲ್ಲಿ ಎದುರಾಳಿಯ ಬಲವನ್ನು ಅಳೆದು ತೂಗುತ್ತಾರೆ, ಇಲ್ಲಿ ಎದುರಾಳಿ ಯಾರೆಂಬುದನ್ನು ಬಹುತೇಕ ಚೀಟಿಯೇ ನಿರ್ಧರಿಸುತ್ತದೆ. ಅದರ ಫಲ ಮಾತ್ರ ಆಟಗಾರನ ಓದು, ಉದ್ಯೋಗದವರೆಗೂ ಚಾಚುತ್ತದೆ.

ಊರು ಒಂದೇ, ಮೆಟ್ಟಿಲು ಬೇರೆ

ನಮ್ಮಲ್ಲಿ ಕಾಲೇಜು ತಂಡವೊಂದು ನೇರವಾಗಿ ರಾಷ್ಟ್ರಮಟ್ಟಕ್ಕೆ ಹೋಗುವುದಿಲ್ಲ. ಮೊದಲು ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿ ನಡೆಯುತ್ತದೆ. ಅಲ್ಲಿನ ಆಟ ನೋಡಿ ವಿಶ್ವವಿದ್ಯಾಲಯ ತಂಡವನ್ನು ಆರಿಸಲಾಗುತ್ತದೆ. ಆ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ, ಅಂದರೆ ಎಐಯು ಆಶ್ರಯದ ದಕ್ಷಿಣ ವಲಯ ಟೂರ್ನಿಯಲ್ಲಿ ಆಡುತ್ತದೆ. ದಕ್ಷಿಣ, ಉತ್ತರ, ಪೂರ್ವ, ಪಶ್ಚಿಮ ಹೀಗೆ ನಾಲ್ಕು ವಲಯಗಳಿದ್ದು, ಪ್ರತಿ ವಲಯದ ಮೊದಲ ನಾಲ್ಕು ತಂಡಗಳು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಅರ್ಹತೆ ಪಡೆಯುತ್ತವೆ. ಅಲ್ಲಿ ಮುಂಚೂಣಿಯಲ್ಲಿ ನಿಂತವರಿಗೆ 2020ರಲ್ಲಿ ಒಡಿಶಾದಲ್ಲಿ ಆರಂಭವಾದ, 2022ರಲ್ಲಿ ಬೆಂಗಳೂರಿನಲ್ಲೂ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಬಾಗಿಲು ತೆರೆಯುತ್ತದೆ.

ಗಮನಿಸಬೇಕಾದ ಅಂಶವೆಂದರೆ ಈ ಏಣಿಯ ಮೊದಲ ಮೆಟ್ಟಿಲು ಎಲ್ಲರಿಗೂ ಒಂದೇ ಎತ್ತರದಲ್ಲಿಲ್ಲ. ಗುಬ್ಬಿ ಪಟ್ಟಣವನ್ನೇ ತೆಗೆದುಕೊಳ್ಳೋಣ. ಅಲ್ಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪದವಿ ಓದುವ ವಿದ್ಯಾರ್ಥಿ ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತಾನೆ. ಅದೇ ಪಟ್ಟಣದ ಚನ್ನಬಸವೇಶ್ವರ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವವನು ಬೆಳಗಾವಿ ಕೇಂದ್ರವಾಗಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುತ್ತಾನೆ. ಸಂಜೆ ಒಂದೇ ಅಂಗಳದಲ್ಲಿ ಚೆಂಡು ಪುಟಿಸುವ ಈ ಇಬ್ಬರೂ ದಕ್ಷಿಣ ವಲಯ ತಲುಪಬೇಕಾದ ದಾರಿಗಳು ಬೇರೆ ಬೇರೆ.

2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯದ ವ್ಯಾಪ್ತಿ ಮುಖ್ಯವಾಗಿ ಒಂದು ಜಿಲ್ಲೆ. ಕುಣಿಗಲ್‌ನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ನಗರದ ವಿಶ್ವವಿದ್ಯಾಲಯ ಕಲಾ ಕಾಲೇಜು, ವಿಜ್ಞಾನ ಕಾಲೇಜುಗಳೆಲ್ಲ ಇದರಡಿ ಬರುತ್ತವೆ. 1998ರಲ್ಲಿ ಸ್ಥಾಪನೆಯಾದ ವಿಟಿಯು ವ್ಯಾಪ್ತಿ ಇಡೀ ರಾಜ್ಯ. ಅದರಡಿ ಇನ್ನೂರಕ್ಕೂ ಹೆಚ್ಚು ಕಾಲೇಜುಗಳಿವೆ. ಗುಬ್ಬಿಯ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಲಿ, 1963ರಲ್ಲಿ ಆರಂಭವಾದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದವನಾಗಲಿ ಬೆಂಗಳೂರಿನ ಆರ್.ವಿ., ಬಿ.ಎಂ.ಎಸ್. ಮುಂತಾದ ದೊಡ್ಡ ಕಾಲೇಜುಗಳ ಆಟಗಾರರೊಂದಿಗೆ ಪೈಪೋಟಿ ನಡೆಸಿಯೇ ವಿಶ್ವವಿದ್ಯಾಲಯ ತಂಡದಲ್ಲಿ ಸ್ಥಾನ ಪಡೆಯಬೇಕು. ಇದೇ ನಗರದಲ್ಲಿರುವ ಶ್ರೀ ಸಿದ್ಧಾರ್ಥ ಉನ್ನತ ಶಿಕ್ಷಣ ಅಕಾಡೆಮಿಯು ಸ್ವತಃ ಡೀಮ್ಡ್ ವಿಶ್ವವಿದ್ಯಾಲಯ. ಅದರ ಆಟಗಾರರಿಗೆ ಸ್ಪರ್ಧೆ ತಮ್ಮ ಸಂಸ್ಥೆಯ ಒಳಗಷ್ಟೇ.

ಅಂದರೆ ಒಂದೇ ಊರಿನ ಮೂವರು ಆಟಗಾರರಿಗೆ ಮೂರು ಬಗೆಯ ಎದುರಾಳಿಗಳು. ‘ವಿಶ್ವವಿದ್ಯಾಲಯದ ಆಟಗಾರ’ ಎಂಬ ಒಂದೇ ಬಿರುದಿನ ಹಿಂದೆ ಸವೆಸಿದ ದಾರಿಯ ಕಷ್ಟ ಪ್ರಮಾಣಪತ್ರದಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ.

ಚೀಟಿ ಎತ್ತಿದಾಗ

ಎರಡನೆಯ ತೊಡಕು ಟೂರ್ನಿಯ ಸ್ವರೂಪದ್ದು. ಅಂತರ ಕಾಲೇಜು ಸ್ಪರ್ಧೆಗಳು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮುಗಿಯಬೇಕು. ಆತಿಥೇಯ ಕಾಲೇಜಿಗೆ ವೆಚ್ಚದ ಚಿಂತೆ, ದೂರದ ತಂಡಗಳಿಗೆ ಸಂಜೆಯ ಬಸ್ಸಿನ ಚಿಂತೆ, ವಿದ್ಯಾರ್ಥಿಗಳಿಗೆ ಸೆಮಿಸ್ಟರ್ ಪರೀಕ್ಷೆಯ ಚಿಂತೆ. ಹೀಗಾಗಿ ಸೋತವರು ಮನೆಗೆ, ಗೆದ್ದವರು ಮುಂದಕ್ಕೆ ಎಂಬ ನಾಕೌಟ್ ಪದ್ಧತಿ ಅಥವಾ ಕೊನೆಯ ಹಂತದಲ್ಲಿ ಮಾತ್ರ ಲೀಗ್ ಇರುವ ಮಿಶ್ರ ಪದ್ಧತಿ ಬಳಕೆಯಲ್ಲಿದೆ. ಯಾರಿಗೆ ಯಾರು ಎದುರಾಳಿ ಎಂಬುದು ಚೀಟಿ ಎತ್ತಿ ತೀರ್ಮಾನವಾದರೆ ಆಗುವ ಪರಿಣಾಮವನ್ನು ಸರಳ ಗಣಿತದಿಂದ ಕಂಡುಕೊಳ್ಳಬಹುದು.

ಹದಿನಾರು ಕಾಲೇಜುಗಳ ನಾಕೌಟ್ ಟೂರ್ನಿಯೊಂದನ್ನು ಊಹಿಸಿಕೊಳ್ಳಿ. ಬಲಿಷ್ಠ ತಂಡವೇ ಪ್ರತಿ ಬಾರಿಯೂ ಗೆಲ್ಲುತ್ತದೆ ಎಂದಿಟ್ಟುಕೊಳ್ಳೋಣ. ಅತ್ಯುತ್ತಮ ತಂಡಕ್ಕೆ ಚಿಂತೆಯಿಲ್ಲ. ಆದರೆ ಎರಡನೆಯ ಅತ್ಯುತ್ತಮ ತಂಡದ ಗತಿ ಏನು? ಅದು ಅಗ್ರ ತಂಡವನ್ನು ಮೊದಲ ಸುತ್ತಿನಲ್ಲೇ ಎದುರಿಸುವ ಸಾಧ್ಯತೆ 15ರಲ್ಲಿ 1, ಎಂಟರ ಘಟ್ಟದಲ್ಲಿ 15ರಲ್ಲಿ 2, ಸೆಮಿಫೈನಲ್‌ನಲ್ಲಿ 15ರಲ್ಲಿ 4. ಫೈನಲ್ ತಲುಪುವ ಸಾಧ್ಯತೆ 15ರಲ್ಲಿ 8 ಮಾತ್ರ. ಅಂದರೆ ಎರಡನೆಯ ಸ್ಥಾನಕ್ಕೆ ಎಲ್ಲ ರೀತಿಯಿಂದಲೂ ಅರ್ಹವಾದ ತಂಡ ಸುಮಾರು ಶೇ 47ರಷ್ಟು ಸಂದರ್ಭಗಳಲ್ಲಿ ಫೈನಲ್ ಕಾಣುವುದೇ ಇಲ್ಲ.

ಕೊನೆಯ ನಾಲ್ಕು ತಂಡಗಳಿಗೆ ಲೀಗ್ ಇದ್ದರೂ ಸಮಸ್ಯೆ ತೀರುವುದಿಲ್ಲ. ಹದಿನಾರು ತಂಡಗಳನ್ನು ಚೀಟಿ ಎತ್ತಿ ನಾಲ್ಕು ಭಾಗ ಮಾಡಿದಾಗ ಅಗ್ರ ನಾಲ್ಕು ತಂಡಗಳು ನಾಲ್ಕು ಬೇರೆ ಬೇರೆ ಭಾಗಗಳಿಗೆ ಬೀಳುವ ಸಾಧ್ಯತೆ ಶೇ 14ರಷ್ಟೇ. ಉಳಿದ ಶೇ 86ರಷ್ಟು ಸಂದರ್ಭಗಳಲ್ಲಿ ಅವುಗಳಲ್ಲಿ ಒಂದಾದರೂ ತಂಡ ಲೀಗ್ ಹಂತಕ್ಕೆ ಮುನ್ನವೇ ಗಂಟುಮೂಟೆ ಕಟ್ಟಬೇಕಾಗುತ್ತದೆ. ನಾಲ್ಕನೆಯ ಬಲಿಷ್ಠ ತಂಡ ಕೊನೆಯ ನಾಲ್ಕರೊಳಗೆ ಬರುವ ಸಾಧ್ಯತೆ ಶೇ 48. ಇದು ಹೆಚ್ಚೂ ಕಡಿಮೆ ನಾಣ್ಯ ಚಿಮ್ಮಿದಂತೆಯೇ ಸರಿ.

ಇದಕ್ಕೆ ಪರಿಹಾರವಾಗಿ ಬಂದದ್ದೇ ಶ್ರೇಯಾಂಕ ಪದ್ಧತಿ. ಎಐಯು ವಲಯ ಟೂರ್ನಿಗಳಲ್ಲಿ ಹಿಂದಿನ ವರ್ಷದ ಮೊದಲ ನಾಲ್ಕು ತಂಡಗಳಿಗೆ ಶ್ರೇಯಾಂಕ ನೀಡಿ ಬೇರೆ ಬೇರೆ ಭಾಗಗಳಲ್ಲಿ ಇರಿಸುವ ಕ್ರಮವಿದೆ. ಆದರೆ ಇದರಲ್ಲೂ ಒಂದು ಕೊರತೆಯುಂಟು. ಕಾಲೇಜು ತಂಡದ ಆಟಗಾರರು ಮೂರ್ನಾಲ್ಕು ವರ್ಷಗಳಲ್ಲಿ ಪದವಿ ಮುಗಿಸಿ ಹೊರಡುತ್ತಾರೆ. ಕಳೆದ ವರ್ಷದ ಬಲ ಈ ವರ್ಷ ಇರಬೇಕೆಂದೇನೂ ಇಲ್ಲ. ಈ ವರ್ಷವೇ ತಲೆಯೆತ್ತಿದ ಹೊಸ ತಂಡಕ್ಕೆ ಶ್ರೇಯಾಂಕದ ರಕ್ಷಣೆ ಸಿಗುವುದಿಲ್ಲ. ಅದು ಮೊದಲ ಸುತ್ತಿನಲ್ಲೇ ತಮಿಳುನಾಡು ಅಥವಾ ಕೇರಳದ ಬಲಾಢ್ಯ ತಂಡದ ಎದುರು ನಿಲ್ಲಬೇಕಾಗಬಹುದು.

ಅಮೆರಿಕದ ಅಳತೆಗೋಲು

ಎದುರಾಳಿಯ ಬಲವನ್ನು ಅಂಕಿಯಲ್ಲಿ ಹಿಡಿಯಲು ಅಮೆರಿಕನ್ನರು ಮಾಡಿದ ಯತ್ನ ಇಲ್ಲಿ ಉಲ್ಲೇಖಾರ್ಹ. ಅಲ್ಲಿನ ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆಯಾದ ಎನ್‌ಸಿಎಎ 1939ರಲ್ಲಿ ಎಂಟು ತಂಡಗಳೊಂದಿಗೆ ಪುರುಷರ ರಾಷ್ಟ್ರೀಯ ಟೂರ್ನಿ ಆರಂಭಿಸಿತು. 2011ರಲ್ಲಿ ತಂಡಗಳ ಸಂಖ್ಯೆ 68ಕ್ಕೆ ಏರಿತು. ಮೊದಲ ದರ್ಜೆಯಲ್ಲಿ ಆಡುವ ತಂಡಗಳು ಮುನ್ನೂರೈವತ್ತಕ್ಕೂ ಹೆಚ್ಚು. ಇವು ‘ಕಾನ್ಫರೆನ್ಸ್’ ಎಂಬ ಗುಂಪುಗಳಲ್ಲಿ ಹಂಚಿಹೋಗಿವೆ. 2025ರ ಟೂರ್ನಿಯಲ್ಲಿ 31 ಗುಂಪುಗಳ ಚಾಂಪಿಯನ್ನರಿಗೆ ನೇರ ಪ್ರವೇಶ ದೊರೆಯಿತು. ಉಳಿದ 37 ಸ್ಥಾನಗಳಿಗೆ ಆಯ್ಕೆ ಸಮಿತಿ ತಂಡಗಳನ್ನು ಆರಿಸಿತು.

ಗುಂಪಿನ ಚಾಂಪಿಯನ್ನರಿಗೆ ಸಿಗುವ ಈ ನೇರ ಪ್ರವೇಶ ನಮ್ಮಲ್ಲಿ ಪ್ರತಿ ವಿಶ್ವವಿದ್ಯಾಲಯಕ್ಕೆ ಸಿಗುವ ಒಂದು ತಂಡದ ಅವಕಾಶವನ್ನು ಹೋಲುತ್ತದೆ. ಗುಂಪು ದೊಡ್ಡದಿರಲಿ, ಚಿಕ್ಕದಿರಲಿ ಸ್ಥಾನ ಖಚಿತ. ಭಿನ್ನತೆ ಇರುವುದು ಉಳಿದ ಸ್ಥಾನಗಳಲ್ಲಿ. ಪರಸ್ಪರ ಆಡಿಯೇ ಇರದ ತಂಡಗಳನ್ನು ಹೋಲಿಸುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಯೇ ಏಳುತ್ತದೆ.

ಇದಕ್ಕೆ ಉತ್ತರವಾಗಿ 1981ರಲ್ಲಿ ‘ಆರ್‌ಪಿಐ’ ಎಂಬ ಸೂಚ್ಯಂಕ ಬಳಕೆಗೆ ಬಂತು. ಅದರಲ್ಲಿ ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ಶೇ 25, ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಶೇ 50, ಎದುರಾಳಿಗಳ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಶೇ 25 ತೂಕ. ಸ್ವಂತ ಗೆಲುವಿಗೆ ಕಾಲು ಭಾಗ, ವೇಳಾಪಟ್ಟಿಗೆ ಮುಕ್ಕಾಲು ಭಾಗ!

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ‘ಅ’ ತಂಡ ಹತ್ತರಲ್ಲಿ ಒಂಬತ್ತು ಗೆದ್ದಿದೆ, ಅದರ ಗೆಲುವಿನ ಪ್ರಮಾಣ 0.900. ಆದರೆ ಎದುರಾಳಿಗಳ ಪ್ರಮಾಣ 0.400, ಅವರ ಎದುರಾಳಿಗಳದ್ದು 0.450. ಸೂತ್ರದಂತೆ ಒಟ್ಟು 0.5375. ‘ಆ’ ತಂಡ ಹತ್ತರಲ್ಲಿ ಆರನ್ನಷ್ಟೇ ಗೆದ್ದಿದೆ, ಪ್ರಮಾಣ 0.600. ಎದುರಾಳಿಗಳದ್ದು 0.650, ಅವರ ಎದುರಾಳಿಗಳದ್ದು 0.550. ಒಟ್ಟು 0.6125. ಮೂರು ಪಂದ್ಯ ಹೆಚ್ಚು ಗೆದ್ದರೂ ‘ಅ’ ತಂಡವೇ ಹಿಂದೆ.

ಈ ಸೂತ್ರ ಎಷ್ಟು ಅಂತರದಿಂದ ಗೆದ್ದರು ಎಂಬುದನ್ನು ನೋಡುವುದಿಲ್ಲ, ದುರ್ಬಲ ತಂಡವನ್ನು ಸೋಲಿಸಿದ್ದಕ್ಕೂ ಕೆಲವೊಮ್ಮೆ ದಂಡ ತೆರುವಂತೆ ಮಾಡುತ್ತದೆ ಎಂಬ ಟೀಕೆಗಳಿದ್ದವು. ಆದ್ದರಿಂದ 2018-19ರ ಋತುವಿನಿಂದ ‘ನೆಟ್’ ಎಂಬ ಹೊಸ ಶ್ರೇಯಾಂಕ ಜಾರಿಗೆ ಬಂತು. ಇದರ ಆಧಾರದಲ್ಲಿ ಪ್ರತಿ ಪಂದ್ಯವನ್ನೂ ನಾಲ್ಕು ದರ್ಜೆಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ತವರಿನಲ್ಲಿ ಮೊದಲ 30 ಸ್ಥಾನದೊಳಗಿನ ತಂಡ, ತಟಸ್ಥ ಅಂಗಳದಲ್ಲಿ ಮೊದಲ 50, ಎದುರಾಳಿಯ ಅಂಗಳದಲ್ಲಿ ಮೊದಲ 75ರೊಳಗಿನ ತಂಡದ ಎದುರಿನ ಪಂದ್ಯ ಒಂದನೆಯ ದರ್ಜೆಯದು. ಪರರ ಅಂಗಳದಲ್ಲಿ ಆಡುವ ಕಷ್ಟಕ್ಕೂ ಇಲ್ಲಿ ಬೆಲೆ ಕಟ್ಟಲಾಗಿದೆ ಎಂಬುದು ಗಮನಾರ್ಹ.

ಕುಣಿಗಲ್‌ನವರಿಗೆ ಈ ತರ್ಕ ಹೊಸದೇನಲ್ಲ. ಅಲ್ಲಿನ ಪ್ರಸಿದ್ಧ ಕುದುರೆ ಫಾರಂನಲ್ಲಿ ಹುಟ್ಟಿ ರೇಸಿಗೆ ಹೋಗುವ ಕುದುರೆಯನ್ನು ಎಷ್ಟು ರೇಸು ಗೆದ್ದಿತು ಎಂಬುದರಿಂದ ಮಾತ್ರ ಯಾರೂ ಅಳೆಯುವುದಿಲ್ಲ. ಯಾವ ದರ್ಜೆಯ ರೇಸಿನಲ್ಲಿ, ಎಷ್ಟು ತೂಕ ಹೊತ್ತು, ಯಾವ ಕುದುರೆಗಳನ್ನು ಹಿಂದಿಕ್ಕಿತು ಎಂಬುದನ್ನೇ ಎಲ್ಲರೂ ಕೇಳುವುದು.

28 ಗೆದ್ದವರು ಹೊರಗೆ, 13 ಸೋತವರು ಒಳಗೆ

ವೇಳಾಪಟ್ಟಿಯ ಪ್ರಭಾವಕ್ಕೆ ಇತ್ತೀಚಿನ ಎರಡು ನಿದರ್ಶನಗಳು ಸಾಕು. 2024ರಲ್ಲಿ ಇಂಡಿಯಾನಾ ಸ್ಟೇಟ್ ತಂಡ 28 ಪಂದ್ಯ ಗೆದ್ದು 6ರಲ್ಲಿ ಸೋತಿತ್ತು. ನೆಟ್ ಪಟ್ಟಿಯಲ್ಲಿ ಮೊದಲ 30ರೊಳಗೆ ಇತ್ತು. ಆದರೂ ತನ್ನ ಗುಂಪಿನ ಫೈನಲ್‌ನಲ್ಲಿ ಡ್ರೇಕ್ ಎದುರು ಸೋತಿದ್ದರಿಂದ ನೇರ ಪ್ರವೇಶ ತಪ್ಪಿತು. ಸಾಧಾರಣ ಗುಂಪಿನಲ್ಲಿ ಆಡಿದ ತಂಡಕ್ಕೆ ಬಲಿಷ್ಠರ ಎದುರಿನ ಅವಕಾಶಗಳೇ ಕಡಿಮೆ. ಸಮಿತಿ ಅದನ್ನು ಕೈಬಿಟ್ಟಿತು.

ಮರುವರ್ಷ, ಅಂದರೆ 2025ರಲ್ಲಿ, ನಾರ್ತ್ ಕೆರೊಲಿನಾ ತಂಡ 22 ಗೆಲುವು, 13 ಸೋಲುಗಳೊಂದಿಗೆ ಟೂರ್ನಿಗೆ ಆಯ್ಕೆಯಾಯಿತು. ಒಂದನೆಯ ದರ್ಜೆಯ 13 ಪಂದ್ಯಗಳಲ್ಲಿ ಅದು ಗೆದ್ದದ್ದು ಒಂದೇ ಒಂದು. ಆದರೆ ಅದು ಫ್ಲೋರಿಡಾ, ಆಬರ್ನ್, ಅಲಬಾಮಾ, ಕಾನ್ಸಸ್, ಮಿಷಿಗನ್ ಸ್ಟೇಟ್‌ನಂಥ ತಂಡಗಳನ್ನು ಹುಡುಕಿಕೊಂಡು ಹೋಗಿ ಎದುರಿಸಿತ್ತು. ಈ ಆಯ್ಕೆ ತೀವ್ರ ಟೀಕೆಗೆ ಗುರಿಯಾಯಿತು. ತಂಡ ಮೊದಲ ಪಂದ್ಯದಲ್ಲಿ ಸ್ಯಾನ್ ಡಿಯಾಗೊ ಸ್ಟೇಟ್ ತಂಡವನ್ನು 95-68ರಿಂದ ಬಗ್ಗುಬಡಿಯಿತಾದರೂ ಮುಂದಿನ ಪಂದ್ಯದಲ್ಲೇ ಹೊರಬಿತ್ತು. ಕಠಿಣ ವೇಳಾಪಟ್ಟಿ ಇದ್ದರೆ ಸೋತರೂ ಸರಿಯೇ ಎಂಬ ಪ್ರಶ್ನೆ ಇಂದಿಗೂ ಅಲ್ಲಿ ಬಗೆಹರಿದಿಲ್ಲ.

ವೇಳಾಪಟ್ಟಿಯನ್ನು ಹಗುರವಾಗಿ ತೆಗೆದುಕೊಂಡು ಕೈಸುಟ್ಟುಕೊಂಡವರೂ ಇದ್ದಾರೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಸೇಂಟ್ ಮೇರೀಸ್ ತಂಡ 27 ಗೆಲುವು, 5 ಸೋಲುಗಳ ಸಾಧನೆ ಮಾಡಿಯೂ ಆಯ್ಕೆಯಾಗಲಿಲ್ಲ. ಗುಂಪಿನ ಹೊರಗೆ ಬಹುತೇಕ ತವರಿನಲ್ಲೇ ಆಡಿದ್ದು ಅದಕ್ಕೆ ಮುಳುವಾಯಿತು.

ಈ ಗೊಂದಲ ತಗ್ಗಿಸಲು 2024-25ರಿಂದ ಸಮಿತಿಯ ಮುಂದೆ ಮತ್ತೊಂದು ಅಳತೆಯನ್ನೂ ಇಡಲಾಯಿತು. ಆಯ್ಕೆಯ ಅಂಚಿನಲ್ಲಿರುವ ಒಂದು ಸಾಧಾರಣ ತಂಡ ಇದೇ ವೇಳಾಪಟ್ಟಿಯನ್ನು ಆಡಿದ್ದರೆ ಎಷ್ಟು ಪಂದ್ಯ ಗೆಲ್ಲುತ್ತಿತ್ತು? ಅದಕ್ಕಿಂತ ಈ ತಂಡ ಎಷ್ಟು ಹೆಚ್ಚು ಗೆದ್ದಿದೆ? ಕಠಿಣ ವೇಳಾಪಟ್ಟಿ ಇದ್ದರಷ್ಟೇ ಸಾಲದು, ಅದರಲ್ಲಿ ಏನು ಸಾಧಿಸಿದಿರಿ ಎಂಬುದು ಈ ಅಳತೆಯ ತಿರುಳು.

ರಣಜಿ ಕಲಿಸಿದ ಪಾಠ

ಸುಲಭದ ದಾರಿಗೂ ಬೆಲೆಯುಂಟು ಎಂಬುದನ್ನು ಕರ್ನಾಟಕದ ಕ್ರಿಕೆಟ್ ಅಭಿಮಾನಿಗಳು 2018-19ರ ರಣಜಿ ಟ್ರೋಫಿಯಲ್ಲಿ ಕಂಡಿದ್ದಾರೆ. ಆ ವರ್ಷ ಬಿಹಾರ, ಪುದುಚೇರಿ ಮತ್ತು ಈಶಾನ್ಯ ರಾಜ್ಯಗಳ ಹೊಸ ತಂಡಗಳೊಂದಿಗೆ ಪ್ಲೇಟ್ ಗುಂಪಿನಲ್ಲಿ ಆಡಿದ ಉತ್ತರಾಖಂಡ ಅಗ್ರಸ್ಥಾನ ಪಡೆದು ಕ್ವಾರ್ಟರ್‌ಫೈನಲ್ ತಲುಪಿತು. ಅಲ್ಲಿ ಎದುರಾದ ವಿದರ್ಭ ಅದನ್ನು ಇನಿಂಗ್ಸ್ ಮತ್ತು 115 ರನ್‌ಗಳಿಂದ ಸೋಲಿಸಿತು. ಅತ್ತ ಕಠಿಣವಾದ ‘ಎ’ ಮತ್ತು ‘ಬಿ’ ಗುಂಪುಗಳ ತಂಡಗಳು, ಕರ್ನಾಟಕವೂ ಸೇರಿದಂತೆ, ಒಟ್ಟು ಐದೇ ಸ್ಥಾನಗಳಿಗಾಗಿ ಕಾದಾಡಬೇಕಾಯಿತು.

ತುಮಕೂರಿಗೂ ಇದು ಅನ್ವಯಿಸುತ್ತದೆ. ಜಿಲ್ಲೆಯ ಒಳಗಷ್ಟೇ ಆಡಿ ದಕ್ಷಿಣ ವಲಯಕ್ಕೆ ಹೋಗುವ ತಂಡಕ್ಕೆ ಪ್ರವೇಶವೇನೋ ಸಲೀಸು. ಆದರೆ ವರ್ಷವಿಡೀ ಎತ್ತರದ, ವೇಗದ ಆಟಗಾರರನ್ನು ಎದುರಿಸದ ಹುಡುಗರು ಚೆನ್ನೈ, ಕೊಚ್ಚಿಯ ತಂಡಗಳ ಎದುರು ಮೊದಲ ಕ್ವಾರ್ಟರ್‌ನ ಹತ್ತು ನಿಮಿಷಗಳಲ್ಲೇ ಕಂಗಾಲಾಗುವ ಅಪಾಯವಿದೆ. ಇತ್ತ ವಿಟಿಯು ದಾರಿಯಲ್ಲಿ ಬಂದವನಿಗೆ ಪ್ರವೇಶ ಕಷ್ಟ, ಆದರೆ ಬಂದ ಮೇಲೆ ಆತ ಹದಗೊಂಡಿರುತ್ತಾನೆ.

ಪಣಕ್ಕಿರುವುದೇನು?

ಇದು ಕೇವಲ ಪಾರಿತೋಷಕದ ಮಾತಲ್ಲ. ಕೇಂದ್ರ ಸರ್ಕಾರದ ಇಲಾಖೆಗಳ ‘ಸಿ’ ದರ್ಜೆ ಹುದ್ದೆಗಳಿಗೆ ಕ್ರೀಡಾ ಕೋಟಾದಡಿ ಪರಿಗಣಿಸುವ ಅರ್ಹತೆಗಳಲ್ಲಿ, ಅಂತರ ವಿಶ್ವವಿದ್ಯಾಲಯ ಕ್ರೀಡಾ ಮಂಡಳಿ ನಡೆಸುವ ಟೂರ್ನಿಯಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿರುವುದೂ ಒಂದು. ಮಾನ್ಯತೆ ಪಡೆದ ಕ್ರೀಡೆಗಳ ಪಟ್ಟಿಯಲ್ಲಿ ಬ್ಯಾಸ್ಕೆಟ್‌ಬಾಲ್ ಕೂಡ ಇದೆ. ಹನ್ನೆರಡು ಮಂದಿಯ ಆ ತಂಡದಲ್ಲಿ ಹೆಸರು ಬಂತೆಂದರೆ ಗ್ರಾಮೀಣ ವಿದ್ಯಾರ್ಥಿಯ ಕೈಯಲ್ಲಿ ಒಂದು ತೂಕದ ಪ್ರಮಾಣಪತ್ರ ಬಂದಂತೆ.

ಚೀಟಿಯ ಆಟ ಇಲ್ಲಿ ಕ್ರೂರವಾಗುತ್ತದೆ. ಕುಣಿಗಲ್ ಕಾಲೇಜಿನ ಒಬ್ಬ ಉತ್ತಮ ಆಟಗಾರ್ತಿಯ ತಂಡ ಮೊದಲ ಸುತ್ತಿನಲ್ಲೇ ಬಲಿಷ್ಠ ತಂಡದ ಎದುರು ಸೋತಿತು ಎಂದು ಭಾವಿಸಿ. ಆಯ್ಕೆದಾರರು ಆಕೆಯನ್ನು ನೋಡಿದ್ದು ನಲವತ್ತು ನಿಮಿಷ, ಅದೂ ಸೋಲುತ್ತಿರುವ ತಂಡದಲ್ಲಿ. ಸುಲಭ ಭಾಗದಲ್ಲಿ ಬಿದ್ದ ತಂಡದ ಸಾಧಾರಣ ಆಟಗಾರ್ತಿಯನ್ನು ಮೂರು ನಾಲ್ಕು ಪಂದ್ಯಗಳಲ್ಲಿ ನೋಡುತ್ತಾರೆ. ಕಣ್ಣಿಗೆ ಹೆಚ್ಚು ಬಿದ್ದವರ ಹೆಸರೇ ಪಟ್ಟಿಯಲ್ಲಿ ಮೊದಲು ನೆನಪಾಗುವುದು ಸಹಜ.

ಮಾಡಬಹುದಾದದ್ದು

ಅಮೆರಿಕದ ಸೂತ್ರಗಳನ್ನು ಇಲ್ಲಿಗೆ ತಂದು ಕೂರಿಸುವುದು ಪರಿಹಾರವಲ್ಲ. ತಲಾ ಮೂವತ್ತು ಪಂದ್ಯಗಳಿರುವಲ್ಲಿ ಸೂಚ್ಯಂಕಕ್ಕೆ ಅರ್ಥವಿದೆ, ಎರಡು ಮೂರು ಪಂದ್ಯಗಳಿರುವಲ್ಲಿ ಅಲ್ಲ. ಆದರೆ ಅದರ ಹಿಂದಿನ ತತ್ವವನ್ನು ಕಡಿಮೆ ಖರ್ಚಿನಲ್ಲಿ ಅಳವಡಿಸಲು ಸಾಧ್ಯ.

ಮೊದಲನೆಯದು, ಅಂತರ ಕಾಲೇಜು ಮಟ್ಟದಲ್ಲೂ ಅಗ್ರ ನಾಲ್ಕು ತಂಡಗಳನ್ನು ಬೇರೆ ಬೇರೆ ಭಾಗಗಳಲ್ಲಿ ಇರಿಸುವುದು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಕಳೆದ ವರ್ಷದ ಫಲಿತಾಂಶದ ಜತೆಗೆ ತಂಡದಲ್ಲಿ ಉಳಿದಿರುವ ಹಳೆಯ ಆಟಗಾರರ ಸಂಖ್ಯೆಯನ್ನೂ ಪರಿಗಣಿಸಿದರೆ ಇನ್ನೂ ಉತ್ತಮ.

ಎರಡನೆಯದು, ಆರಂಭದಲ್ಲೇ ಲೀಗ್. ಹದಿನಾರು ತಂಡಗಳ ನಾಕೌಟ್‌ಗೆ 15 ಪಂದ್ಯ ಬೇಕು. ತಲಾ ನಾಲ್ಕು ತಂಡಗಳ ನಾಲ್ಕು ಗುಂಪು ಮಾಡಿ, ನಂತರ ಸೆಮಿಫೈನಲ್, ಫೈನಲ್ ಆಡಿಸಿದರೆ 27 ಪಂದ್ಯ. ಹೆಚ್ಚುವರಿ 12 ಪಂದ್ಯಗಳಿಗೆ ಎರಡು ಅಂಗಳಗಳಿದ್ದರೆ ಒಂದು ದಿನ ಸಾಕು. ಅದರಿಂದ ಪ್ರತಿ ತಂಡಕ್ಕೂ ಕನಿಷ್ಠ ಮೂರು ಪಂದ್ಯಗಳ ಖಾತರಿ ದೊರೆಯುತ್ತದೆ.

ಮೂರನೆಯದು, ಸೋತ ತಂಡಗಳ ಆಟಗಾರರನ್ನೂ ಕರೆದು ನಡೆಸುವ ಮುಕ್ತ ಆಯ್ಕೆ ಶಿಬಿರ. ಚೀಟಿಯಿಂದಾದ ನಷ್ಟವನ್ನು ಆಟಗಾರನ ಮಟ್ಟದಲ್ಲಾದರೂ ತುಂಬಿಕೊಡುವ ದಾರಿಯಿದು.

ನಾಲ್ಕನೆಯದು ತಂಡಗಳ ಕೈಯಲ್ಲೇ ಇದೆ. ಟೂರ್ನಿಯ ಎದುರಾಳಿಯನ್ನು ಆರಿಸಿಕೊಳ್ಳಲಾಗದು, ಅಭ್ಯಾಸ ಪಂದ್ಯದ ಎದುರಾಳಿಯನ್ನು ಆರಿಸಿಕೊಳ್ಳಬಹುದು. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ., ರೈಲೂ ಇದೆ, ಬಸ್ಸೂ ಇದೆ. ಬೆಂಗಳೂರು-ಹಾಸನ ಹೆದ್ದಾರಿಯಲ್ಲಿರುವ ಕುಣಿಗಲ್‌ನಿಂದ ರಾಜಧಾನಿಗೆ ಸುಮಾರು 70 ಕಿ.ಮೀ. ತಿಂಗಳಿಗೊಂದು ಭಾನುವಾರ ನಗರದ ಎಂಜಿನಿಯರಿಂಗ್ ಕಾಲೇಜು ತಂಡವನ್ನೋ ಬೆಂಗಳೂರಿನ ಕ್ಲಬ್ ತಂಡವನ್ನೋ ಎದುರಿಸಿ ಇಪ್ಪತ್ತು ಅಂಕಗಳಿಂದ ಸೋತು ಬಂದರೂ, ಪಕ್ಕದ ಕಾಲೇಜನ್ನು ನಲವತ್ತು ಅಂಕಗಳಿಂದ ಸೋಲಿಸುವುದಕ್ಕಿಂತ ಅದು ಲಾಭದಾಯಕ.

ದೈಹಿಕ ಶಿಕ್ಷಣ ನಿರ್ದೇಶಕರ ಕೊಠಡಿಯ ಗೋಡೆಯ ಮೇಲೆ ಗೆಲುವುಗಳ ಪಟ್ಟಿ ಇರುವುದು ವಾಡಿಕೆ. ಅದರ ಪಕ್ಕದಲ್ಲಿ ‘ಯಾರ ವಿರುದ್ಧ, ಎಲ್ಲಿ’ ಎಂಬ ಇನ್ನೊಂದು ಅಂಕಣವನ್ನು ಸೇರಿಸಿದರೆ ತಂಡದ ನಿಜವಾದ ಬಲ ಅಲ್ಲಿಯೇ ಕಾಣಿಸುತ್ತದೆ. ವಿಶ್ವವಿದ್ಯಾಲಯಗಳ ಆಯ್ಕೆದಾರರೂ ಆ ಅಂಕಣದತ್ತ ಕಣ್ಣು ಹಾಯಿಸಿದರೆ, ಮೊದಲ ಸುತ್ತಿನಲ್ಲೇ ಸೋತು ಸಂಜೆಯ ಬಸ್ಸು ಹತ್ತುವ ಗುಬ್ಬಿ, ಕುಣಿಗಲ್‌ನ ಆಟಗಾರರಲ್ಲಿ ಒಬ್ಬಿಬ್ಬರಾದರೂ ಮುಂದಿನ ಶಿಬಿರದ ಪಟ್ಟಿಯಲ್ಲಿ ಕಾಣಿಸಿಕೊಂಡಾರು.